ಪೆಟ್ಟಿಗೆ ಮರ

ಜೋಗಿಮಟ್ಟಿಯ ಗಾಳಿಯಂತ್ರದ ಜೊತೆ
ಹಡಗು ಹತ್ತಿ ಬಂದದ್ದು.
ಯಂತ್ರ ಗುಡ್ಡ ಏರಿತು,
ಪೆಟ್ಟಿಗೆ ಕೆಜಿ ಲೆಕ್ಕದಲ್ಲಿ
ಹೊಳಲ್ಕೆರೆ ರಸ್ತೆಯ ಗುಜರಿಗೆ.

ಮೌನೇಶಾಚಾರಿ ಹತ್ತರಿ ಹೊಡೆದ.
ಕೆನೆಬಣ್ಣದ ಸುರುಳಿ ಎದ್ದು
ಅಂಗಡಿ ತುಂಬ ಒಂದು ವಾಸನೆ:
ಕರ್ಪೂರವೆ? ಅಲ್ಲ.
ನಿಂಬೆ ಸಿಪ್ಪೆ? ಅದೂ ಅಲ್ಲ.

‘ಗೆರೆ ನೋಡಕ್ಕಾ,
ಬೆರಳಗಲದಲ್ಲಿ ಇಪ್ಪತ್ತಾರು ವರ್ಷ!
ನಮ್ಮ ಹೆಬ್ಬೇವು ಒಂದೇ ಮಳೆಗೆ
ಇಷ್ಟು ದಪ್ಪ ಆಗ್ತದೆ.’

ಸ್ಪ್ರೂಸ್ ಅಂತೆ ಹೆಸರು,
ಅವನ ಮಗಳು ಫೋನಿನಲ್ಲಿ ಹುಡುಕಿ ಹೇಳಿದಳು.
ಎಲೆಯ ಬದಲು ಸೂಜಿ,
ಹಿಮ ಬಿದ್ದರೆ ಕೊಂಬೆ ಬಾಗಿಸಿ
ಜಾರಿಸಿಬಿಡುತ್ತದಂತೆ,
ಹೆಗಲ ಸೆರಗು ಜಾರಿಸಿದ ಹಾಗೆ.
ಹಸಿರು ಮಾತ್ರ ಬಿಡುವುದಿಲ್ಲ.

ಬೆಂಚಾಯಿತು.
ಮಂಡಕ್ಕಿ ಮಿರ್ಚಿಯವರು ಕೂತರು.
ಏಪ್ರಿಲ್ ನಡುಹಗಲಿಗೆ
ಗಂಟಿನಿಂದ ಜೇನಿನಂಥ ಹನಿ ಒಸರಿ
ಗುಮಾಸ್ತ ಬೋರಲಿಂಗಪ್ಪನ ಬಿಳಿ ಪ್ಯಾಂಟನ್ನು
ಬೆಂಚು ಬಿಡಲೇ ಇಲ್ಲ.
ನಕ್ಕೂ ನಕ್ಕೂ
ಸೀಮೆಎಣ್ಣೆ ಹಚ್ಚಿ ಬಿಡಿಸಿದೆವು.

ರಾತ್ರಿ ಷಟರ್ ಎಳೆಯುವ ಮುಂಚೆ
ಬೆಂಚು ಒಳಗಿಡುತ್ತೇನೆ.
ಗುಡ್ಡದ ಮೇಲೆ ರೆಕ್ಕೆ ತಿರುಗುವ ಸದ್ದು.
ಅಂಗೈಗೆ ಅಂಟಿದ್ದು
ಸಾಬೂನಿಗೂ ಹೋಗದೆ
ಬೆಳಗಿನ ಒಗ್ಗರಣೆಯಲ್ಲೂ
ಒಂಚೂರು.