ಅಂಗಡಿಯಲ್ಲಿ ಮಲಗಿ ನೋಡುವುದು

ಔಲು ಪಟ್ಟಣದ ಹಾಸಿಗೆ ಅಂಗಡಿಯಲ್ಲಿ
ಬೂಟು ಬಿಚ್ಚಿ ಮಲಗಿದ್ದಾಳೆ ಹಿಲ್ಕಾ,
ಕೋಟಿನ ಮೇಲಿನ ಹಿಮ ಇನ್ನೂ ಕರಗಿಲ್ಲ.

'ಯಾವ ಮಗ್ಗುಲು?' ಕೇಳುತ್ತಾನೆ ಹುಡುಗ,
ಡಾಕ್ಟರ ಹಾಗೆ, ಎತ್ತಲೋ ನೋಡುತ್ತ.
'ಈಗ ಎಡ.'
ಹಾಗಾದರೆ ಭುಜ ಇಳಿಯಬೇಕು, ಸೊಂಟ ಇಳಿಯಬೇಕು,
ಬೆನ್ನು ಮಾತ್ರ ನೇರ,
ಮೇಲೊಂದು ಮೆತ್ತನೆಯ ಮೇಲುಹಾಸು.

ತೌನೊ ಬೋರಲು ಮಲಗುವವನು,
ದೋಣಿಯ ತಳದಲ್ಲಿ ತೂತು ಹುಡುಕುವವನಂತೆ.
ಅವನಿಗೆ ಗಟ್ಟಿಯದೇ ಆಗಬೇಕು, ಹೊಟ್ಟೆ ಜೋಲಬಾರದು.
ಎರಡು ಹಾಸಿಗೆ, ಎರಡು ಮೇಲುಹಾಸು,
ಲೆಕ್ಕ ಹಾಕುತ್ತಾನೆ ಹುಡುಗ,
ನಡುವೆ ಎರಡು ಬೆರಳಿನ ಸಂದು.

ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದಾಯಿತು
ನಲವತ್ತೊಂದು ವರ್ಷ;
ಹಳೆಯ ಸಂದಿನಲ್ಲಿ ಏನೇನು ಬಿತ್ತೋ:
ಓದುವ ಕನ್ನಡಕ, ಅರ್ಧ ಮಾತ್ರೆ,
ಒಮ್ಮೆ ಹದಿನೈದು ದಿನದ ಮಾತು.

ಎಡವೇ ಯಾಕೆ ಎಂದು ಹುಡುಗ ಕೇಳಲಿಲ್ಲ.
ಅವನ ಎದೆ ಸೀಳಿ ಹೊಲಿದ ಚಳಿಗಾಲದಿಂದ
ಅವಳ ಬಲಗಿವಿ, ಕೇಳಿಸುವ ಕಿವಿ,
ಮೇಲಿರಬೇಕು ರಾತ್ರಿಯೆಲ್ಲ
ಅವನ ಉಸಿರಿಗೆ.

'ಹಾಸಿಗೆ ಎರಡಿರಲಿ,' ಎನ್ನುತ್ತಾಳೆ,
'ಮೇಲುಹಾಸು ಒಂದೇ ಕೊಡು, ಆ ಕಡೆಯಿಂದ ಈ ಕಡೆಗೆ.'
'ಅವರಿಗೆ ಮೆತ್ತಗಾದೀತು…'

ತಿರುಗಿ ನೋಡಿದರೆ ತೌನೊ
ಮೂರನೆಯ ಮಂಚದ ಮೇಲೆ, ಪ್ಲಾಸ್ಟಿಕ್ಕಿಗೆ ಕೆನ್ನೆಯೊತ್ತಿ,
ಬೆಲೆ ಕೇಳುವ ಮೊದಲೇ
ಗೊರಕೆ.