ಲೆಕ್ಕಕ್ಕೆ ಸಿಗದ್ದು

ದುರ್ಗಿಗುಡಿಯ ಮಹಡಿ ಮೇಲಿನ ನನ್ನ ಅಂಗಡಿಗೆ
ಶಾಮಿಯಾನದ ಜಬೀವುಲ್ಲಾ ಇಳಿಸಿದ್ದು ಮೂವತ್ತು ಕುರ್ಚಿ.
ಬಂದವರು ಹನ್ನೊಂದು.
ಅದರಲ್ಲೊಬ್ಬ ಕೆಳಗಿನ ಟೈಲರ್, ಕರೆಂಟು ಹೋಗಿತ್ತು ಅಂತ.

ಲೇಖಕಿ ಓದಿದರು, ಚೆನ್ನಾಗಿಯೇ ಓದಿದರು.
ಹುಚ್ಚರಾಯಪ್ಪ ಮೇಷ್ಟ್ರು 'ಒಂದು ಸಣ್ಣ ಪ್ರಶ್ನೆ' ಎಂದೆದ್ದು
ಶಿಕಾರಿಪುರದ ಶಾಲೆಯಿಂದ ಹೊರಟು
ತಮ್ಮ ನಿವೃತ್ತಿಯ ಹತ್ತಿರ ಬರುವಷ್ಟರಲ್ಲಿ
ಮಂಡಕ್ಕಿ ಮೆತ್ತಗಾಗಿತ್ತು.
ಲಿಲ್ಲಿ ಡಿಸೋಜ ಮಾತ್ರ ನೇರ ಕೇಳಿದಳು:
ಆ ತಂಗಿ ಕೊನೆಗೆ ಹೊಳೆ ದಾಟಿದಳೋ ಇಲ್ಲವೋ?
ಲೇಖಕಿ ನಕ್ಕರು. ಹೇಳಲಿಲ್ಲ.

ಮಾರಿದ್ದು ಎರಡು ಪ್ರತಿ.
ಲೆಕ್ಕಕ್ಕೆ ಸಿಗದ್ದು ಒಂದು.
ಕುರ್ಚಿ ಪೇರಿಸುತ್ತ ಮನಸ್ಸಿನಲ್ಲೇ
ಹನ್ನೊಂದು ಜನರ ಚೀಲ ತಡಕಿದೆ,
ಆಮೇಲೆ ನಾಚಿಕೆಯಾಯಿತು.

ಮೂರನೇ ದಿನ ಸಿಕ್ಕಿತು, ಅಡುಗೆ ಪುಸ್ತಕಗಳ ಹಿಂದೆ
ಗೋಡೆಗೆ ಬೆನ್ನು ಕೊಟ್ಟು ಕೂತಿತ್ತು.
ನಲವತ್ತೆರಡನೇ ಪುಟದಲ್ಲಿ ಬಸ್ ಟಿಕೆಟು,
ಆಯನೂರಿನಿಂದ ಬಂದದ್ದು.
ಎತ್ತಿಕೊಂಡೆ.
ಮತ್ತೆ ಅಲ್ಲೇ ಇಟ್ಟೆ.

ಮುಂದಿನ ತಿಂಗಳ ಓದುಕೂಟದ ಮಾರನೇ ದಿನ
ಟಿಕೆಟು ಅರವತ್ತೇಳರಲ್ಲಿತ್ತು.
ಅದರಾಚೆ ತಿಂಗಳು ಎರಡೇ ಪುಟ.
ಅವತ್ತು ನಾನೇ ಅವಸರ ಮಾಡಿ ದೀಪ ಆರಿಸಿದ್ದೆ.

ಈಗ ಸಭೆ ಮುಗಿದ ಮೇಲೂ
ಗಲ್ಲಾದ ಹಿಂದೆ ಕೂತು ತಿದ್ದಿದ ಬಿಲ್ಲನ್ನೇ ತಿದ್ದುತ್ತೇನೆ,
ಅಡುಗೆ ಕಪಾಟಿನತ್ತ ಬೆನ್ನು ಹಾಕಿ.
ಯಾರೆಂದು ತಿರುಗಿ ನೋಡಿದವಳಲ್ಲ.
ಜಬೀವುಲ್ಲಾ ಕೆಳಗಿನಿಂದ ಹಾರ್ನ್ ಒತ್ತುತ್ತಾನೆ,
ಅಕ್ಕಾ, ಕುರ್ಚಿ!
ಇರಪ್ಪಾ, ಒಂದು ಇನ್ನೂ ಖಾಲಿಯಾಗಿಲ್ಲ.
ಹೊಳೆ ಬರೋಕೆ ಮೂವತ್ತು ಪುಟ ಇದೆ.