ಅಂಕೆ

ಗಾಜಿನ ಮೇಲೆ ನಾಲ್ಕು ಮೈಕ್ರಾನ್ ದಪ್ಪದ ಕೆನ್ನೆ.
ಮೀಸೆಯಿಲ್ಲ, ಮಾತಿಲ್ಲ, ಗುಳಿ ಬೀಳುವ ನಗುವಿಲ್ಲ.
ಕಾವ್‌ಶುಂಗ್‌ನ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನದು ಒಂದೇ ಕಸುಬು:
ಅಂಕೆ ತಪ್ಪಿದ್ದಕ್ಕೆ ಅಂಕೆ ಕೊಡುವುದು.

ಕಂದು, ನೀಲಿ. ಕಂದು, ಕಂದು, ನೀಲಿ.
ಹೆಬ್ಬೆರಳ ಕೆಳಗೆ ಎಣಿಕೆಯಂತ್ರ ಟಿಕ್ಕೆನ್ನುತ್ತದೆ.
ಕಂದಾದದ್ದು ಎದ್ದಿರುವ ಕೋಶ, ನೀಲಿ ಮಲಗಿರುವುದು.
ಅಷ್ಟು ಸರಳವಲ್ಲ ಎಂದು ಡಾಕ್ಟರ್ ಲ್ಯೂ ಮೂಗು ಮುರಿಯುತ್ತಾರೆ,
ಹೊಸ ಹುಡುಗಿಯರಿಗೆ ನಾನು ಹೀಗೇ ಹೇಳಿಕೊಡುವುದು.

ಕೋಶಕ್ಕೂ ಒಂದು ದಿನಚರಿ ಉಂಟು:
ಬೆಳೆ, ನಕಲು ತೆಗೆ, ತಪ್ಪು ತಿದ್ದು, ಎರಡಾಗು,
ಆಮೇಲೆ ಕಾಲು ಚಾಚಿ ಮಲಗು.
ಸೈಕ್ಲಿನ್ ಡಿ-ಒನ್ ಬಾಗಿಲ ಅಗುಳಿ ತೆಗೆಯುವವನು.
ಪಿ-ಇಪ್ಪತ್ತೇಳು, ‘ಸಾಕು ಬಾ, ದೀಪ ಆರಿಸು’
ಎನ್ನುವ ಮನೆಯ ಹಿರಿಯಳು.
ಈ ಕೆನ್ನೆಯಲ್ಲಿ ಅಗುಳಿ ತೆಗೆದವನು
ಹಾಕುವುದನ್ನೇ ಮರೆತಿದ್ದಾನೆ.
ಹಿರಿಯಳನ್ನು ಮೂಲೆ ಮೂಲೆ ಹುಡುಕಿದೆ.
ಅಂಚಿನಲ್ಲಿ, ಇನ್ನೂ ಕೆಡದ ಸಾಲಿನಲ್ಲಿ,
ಬೇಲಿಯಾಚೆ ನಿಂತು ನೋಡುತ್ತಿದ್ದಳು.

ಎದ್ದಿರುವವು ನೂರಕ್ಕೆ ಐವತ್ತೆಂಟು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮತ್ತೆ ಎಣಿಸಿದೆ.
ಐವತ್ತೇಳು.
ಒಂದು ಕೋಶದ ಕನಿಕರ.

ಅಜ್ಜಿ ಗುಡಿಯ ಎದುರು ಸ್ಟೂಲು ಹಾಕಿಕೊಂಡು
ಮುಖ ನೋಡಿ ಭವಿಷ್ಯ ಹೇಳುತ್ತಿದ್ದಳು, ಹೊರಗಿನಿಂದ.
ನಾನು ಒಳಗಿನಿಂದ.
ತಪ್ಪಾದರೆ ಅವಳು ದುಡ್ಡು ವಾಪಸು ಕೊಡುತ್ತಿದ್ದಳು.

ಮಧ್ಯಾಹ್ನ ಕಿಟಕಿಯಾಚೆ ಒಬ್ಬಳು.
ತೈಪೇಯ ದೊಡ್ಡ ಡಾಕ್ಟರಿಗೆ ತೋರಿಸಬೇಕಂತೆ,
ಗಾಜುಗಳನ್ನು ಎರವಲು ಕೇಳಿದಳು.
ಅರ್ಜಿಯಲ್ಲಿ: ಗುವೋ ತ್ಯೆನ್‌ಷೆಂಗ್, ಐವತ್ತಾರು, ಜಲ್ಲಿ ಲಾರಿ.
ಸಂಬಂಧ: ಹೆಂಡತಿ.

ಗಾಜನ್ನು ಟ್ಯೂಬ್‌ಲೈಟಿಗೆ ಹಿಡಿದು
ಒಂದು ಕಣ್ಣು ಮುಚ್ಚಿದಳು, ಸಂತೆಯಲ್ಲಿ ಮೊಟ್ಟೆ ನೋಡುವ ಹಾಗೆ.
‘ಇದು ಅವರೇನಾ?’
‘ಅವರ ಬಲಗೆನ್ನೆ.’
‘ಈ ಕಂದು?’
ನಿಯಮದ ಪ್ರಕಾರ ನಾನು ಹೇಳಬಾರದು.
‘ನಿದ್ದೆ ಮರೆತವು’ ಎಂದೆ.

ಅವಳು ನಕ್ಕಳು. ನಕ್ಕು, ಬಾಯಿಗೆ ಕೈ ಅಡ್ಡ ಹಿಡಿದಳು.
‘ಮೂವತ್ತು ವರ್ಷ ನಿದ್ದೆ ಬಾರದಿರಲೆಂದೇ
ದುಡ್ಡು ಕೊಟ್ಟು ಅಗಿದರು.
ಗಾವ್‌ಪಿಂಗ್ ಹೊಳೆಯ ಜಲ್ಲಿ, ರಾತ್ರಿ ಎರಡು ಟ್ರಿಪ್ಪು,
ಮೂರನೆಯದಕ್ಕೆ ಬೋನಸ್ಸು.
ಹೆದ್ದಾರಿ ಬದಿಯ ಗಾಜಿನ ಗೂಡಂಗಡಿ,
ಸುಣ್ಣ ಸವರಿದ ಹಸಿ ಅಡಿಕೆ, ಪೊಟ್ಟಣಕ್ಕೆ ಐವತ್ತು,
ಉಗುಳಲು ಕಾಗದದ ಲೋಟ ಪುಕ್ಕಟೆ.
ಮೈ ಬಿಸಿ, ಕಣ್ಣು ಅಗಲ.
ಒಂದು ದಿನ ತೂಕಡಿಸಲಿಲ್ಲ,
ಒಂದು ನಾಯಿಗೂ ಗಾಡಿ ತಾಗಿಸಲಿಲ್ಲ.
ಈಗ ಬಾಯಿ ಎರಡು ಬೆರಳಷ್ಟೂ ತೆರೆಯದು.
ಸೋಯಾ ಹಾಲು, ಸ್ಟ್ರಾ.
ಆದರೆ ಮಲಗುತ್ತಾರೆ, ಮಗುವಿನ ಹಾಗೆ.
ಎಬ್ಬಿಸಲು ನನಗೆ ಹೆದರಿಕೆ.’

ಆಮೇಲೆ ಕೇಳಿದಳು, ‘ಎಷ್ಟು ವರ್ಷ?’

ನನ್ನ ಬಳಿ ಒಂದು ಗೆರೆ ಇದೆ,
ಮೆಟ್ಟಿಲ ಹಾಗೆ ಇಳಿಯುವುದು.
ಒಂದೊಂದು ಮೆಟ್ಟಿಲೂ ಯಾರೋ ಒಬ್ಬರು ಹೋದ ದಿನ.
ಐವತ್ತು ದಾಟಿದವರ ಗೆರೆಗೆ ಇಳಿಯುವ ಅವಸರ.
ಆದರೂ ಅದರ ತುದಿಯಲ್ಲಿ
ಇಳಿಯದೆ ಉಳಿದ ಒಂದು ಗೇಣು ಸಮತಟ್ಟು ಉಂಟು;
ಅಲ್ಲಿ ಕೆಲವರು ಈಗಲೂ ಬೆಳಿಗ್ಗೆ ಹಲ್ಲುಜ್ಜುತ್ತಾರೆ,
ಅವರ ಕೆನ್ನೆಯೂ ಇಷ್ಟೇ ಕಂದಾಗಿತ್ತು.
ಗುಂಪಿನ ಗತಿ ಬಲ್ಲದು ಅಂಕೆ.
ಗುವೋ ತ್ಯೆನ್‌ಷೆಂಗ್ ಯಾರೆಂದು ಅದಕ್ಕೆ ಗೊತ್ತಿಲ್ಲ.

ಇದಾವುದನ್ನೂ ಹೇಳಲಿಲ್ಲ.
‘ಗಾಜು ಒಡೆಯಬಾರದು’ ಎಂದೆ.
ಎರಡು ಸುತ್ತು ಹತ್ತಿ ಸುತ್ತಿದೆ.
ಅವಳು ನೋಡುತ್ತಲೇ ಇದ್ದಳು. ಇನ್ನೊಂದು ಸುತ್ತಿದೆ.
ಊಟದ ಡಬ್ಬಿಯೊಳಗೆ ಗಂಡನನ್ನಿಟ್ಟು
ಮುಚ್ಚಳ ಒತ್ತಿ ನೋಡಿ ಹೋದಳು.

ಸಂಜೆ, ಸ್ಕೂಟರು, ಕೆಂಪು ದೀಪ.
ಪಕ್ಕದ ಗೂಡಂಗಡಿಯಲ್ಲಿ ಒಬ್ಬ ಹುಡುಗಿ
ಪೊಟ್ಟಣಕ್ಕೆ ಹತ್ತರಂತೆ ಅಡಿಕೆ ಎಣಿಸುತ್ತಿದ್ದಾಳೆ,
ತುಟಿ ಅಲ್ಲಾಡುತ್ತಿದೆ.
ನಡುವೆ ಲೆಕ್ಕ ತಪ್ಪಿ ಮೊದಲಿನಿಂದ.
ಜಲ್ಲಿ ಲಾರಿಯೊಂದು ಬಂದು ನಿಂತಿತು.
ಡ್ರೈವರ್ ಕಿಟಕಿಯಿಂದ ಕೈ ಚಾಚಿದ,
ಎಳೆಯ ಕೈ, ಗಡಿಯಾರದ ಪಟ್ಟಿಯಡಿ ಬೆಳ್ಳನೆ ಚರ್ಮ.
ಹ್ಯಾಂಡಲಿನ ಮೇಲೆ ನನ್ನ ಹೆಬ್ಬೆರಳು
ತನ್ನಷ್ಟಕ್ಕೆ ಟಿಕ್ಕೆಂದಿತು:
ಎದ್ದಿದ್ದಾನೆ.